ತೊಗಲು ಕಳಚಿದ ಕಟಿಂಗ್ ಪ್ಲೇಯರ್

ಇಕ್ಕಳದ ಮೇಲೂ ಒಂದು ಕಥೆಯೇ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ. ಇಪ್ಪತ್ತೆರಡು ವರ್ಷ ನಾನು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ ಕಿಟಕಿಯಲ್ಲಿ ಕೂತು, ಬೆಳಿಗ್ಗೆ ಇಕ್ಕಳ ಕೊಟ್ಟು ಸಂಜೆ ವಾಪಸ್ ತೆಗೆದುಕೊಂಡವಳು. ಹೆಸರು ಶಶಿಕಲಾ. ಈಗ ನಿವೃತ್ತಿಯಾಗಿದೆ. ಚೊಕ್ಕಸಂದ್ರದಲ್ಲಿ ಪಿಳ್ಳಮ್ಮನವರ ವಠಾರದಲ್ಲಿ ಬಾಡಿಗೆಗಿದ್ದೇನೆ. ಮೊಣಕಾಲು ಹೋಗಿದೆ, ಬಾಯಿಗೇನೂ ಆಗಿಲ್ಲ.

ವಠಾರದಲ್ಲಿ ಆರು ಮನೆ, ಒಂದು ಸಂಪು, ಒಂದು ಮೋಟರು. ಒಂದು ಶನಿವಾರ ಕಾವೇರಿ ನೀರು ಬಂದು ಸಂಪು ತುಂಬಿತು. ಆದರೆ ನೀರು ಮೇಲಿನ ಟ್ಯಾಂಕಿಗೆ ಏರಲಿಲ್ಲ. ನೋಡಿದರೆ ಮೋಟರಿನ ಸ್ವಿಚ್‌ಬೋರ್ಡು ಕಪ್ಪಗೆ ಸುಟ್ಟುಕೊಂಡಿತ್ತು. ಆ ಬೋರ್ಡು ಇರುವುದು ಸಂಪಿನ ಪಕ್ಕದ ಗೋಡೆಯ ಮೇಲೆ. ಅಲ್ಲಿ ನೆಲ ಒಣಗಿದ್ದನ್ನು ನಾನಂತೂ ನೋಡಿಲ್ಲ. ಭಾನುವಾರ ಬೆಳಿಗ್ಗೆ ಆರು ಮನೆಯವರೂ ಬಕೆಟ್ಟಿಗೆ ಹಗ್ಗ ಕಟ್ಟಿ ಸಂಪಿನಿಂದ ನೀರು ಸೇದುತ್ತಿದ್ದರು.

ಪಿಳ್ಳಮ್ಮನವರು ಮೆಟ್ಟಿಲ ಮೇಲೆ ನಿಂತು ಕೂಗಿದರು. "ಸಂಗಣ್ಣಾ, ಏ ಸಂಗಣ್ಣಾ! ವೈರಿಂಗ್ ಮಾಡೋನು ನೀನು ಮನೇಲೇ ಇದ್ಕಂಡು ನಾವು ಇಂಗೆ ನೀರು ಸೇದ್ಬೇಕೇನಪ್ಪಾ? ಬೇಗ ಬಾ. ಅಂಗಂತ ಮೇನ್ ಗೀನ್ ಆಫ್ ಮಾಡ್ಬ್ಯಾಡ, ನನ್ ಫ್ರಿಜ್ಜಲ್ಲಿ ಮೀನೈತೆ."

ಸಂಗಣ್ಣ ನನ್ನ ಪಕ್ಕದ ಮನೆಯವನು. ಕುಷ್ಟಗಿ ಕಡೆಯವನು. ಎಂಟು ವರ್ಷದ ಹಿಂದೆ ಸೆಂಟ್ರಿಂಗ್ ಕೆಲಸಕ್ಕೆಂದು ಬಂದು, ನೋಡಿ ನೋಡಿಯೇ ವೈರಿಂಗ್ ಕಲಿತವನು. ಕೈ ಚುರುಕು, ಮಾತು ಇನ್ನೂ ಚುರುಕು. ಹೆಂಡತಿ ನೀಲಾಂಬಿಕಾ ಪೀಣ್ಯ ಎರಡನೇ ಹಂತದ ಒಂದು ಖಾನಾವಳಿಗೆ ದಿನಾ ಜೋಳದ ರೊಟ್ಟಿ ಬಡಿದು ಕಳಿಸುತ್ತಾಳೆ. ಸಾಯಂಕಾಲ ಅವಳ ರೊಟ್ಟಿಯ ಸದ್ದು ನಿಂತರೆ ನನಗೆ ಟಿವಿಯೂ ಬೇಡವಾಗುತ್ತದೆ.

"ಆತ್ರಿ ಅಮ್ಮಾರ. ಮೇನ್ ಮುಟ್ಟಂಗಿಲ್ಲ, ಲೈನ್ ಮ್ಯಾಲ ಮಾಡಿ ಕೊಡತೀನಿ," ಎಂದ ಸಂಗಣ್ಣ.

ಲೈನ್ ಮೇಲೆ ಮಾಡುವುದು ಎಂದರೆ ಕರೆಂಟು ಹರಿಯುತ್ತಿರುವಾಗಲೇ ವೈರಿಗೆ ಕೈ ಹಾಕುವುದು. ವೈರಿಂಗ್ ಹುಡುಗರಲ್ಲಿ ಇದೊಂದು ದೊಡ್ಡಸ್ತಿಕೆ. ಮೀಸೆ ಬಿಟ್ಟ ಹಾಗೆ ಇದನ್ನೂ ತೋರಿಸಿಕೊಂಡು ತಿರುಗುತ್ತಾರೆ. ನನಗೆ ಮೈ ಉರಿಯಿತು, ಸುಮ್ಮನೆ ಅವನ ಮನೆಗೆ ಹೋದೆ.

ಒಳಗೆ ನೀಲಾಂಬಿಕಾ ಹಿಟ್ಟಿಗೆ ಎಸರು ಸುರಿದು ನಾದುತ್ತಿದ್ದಳು. ಸಂಗಣ್ಣ ಚೀಲದಿಂದ ಹೊಸ ಕಟಿಂಗ್ ಪ್ಲೇಯರ್ ತೆಗೆದು ನನ್ನ ಕೈಗಿಟ್ಟ. ಫಳಫಳ ಹೊಳೆಯುತ್ತಿತ್ತು. ಹಿಡಿಗೆ ಕೆಂಪು ಕವರು.

"ನೋಡ್ರಿ ಅಕ್ಕಾರ, ನಿನ್ನೆ ಫುಟ್‌ಪಾತ್‌ನಾಗ ತಗೊಂಡೆ. ನೂರಿಪ್ಪತ್ತಕ್ಕ ಕೊಟ್ಟ. ಹತ್ತು ಪ್ಲೇಯರ್ ಕೈಯಾಗ ತೂಗಿ ತೂಗಿ ನೋಡಿ, ಎಲ್ಲಾಕಿಂತ ಜಡ ಇರೋದನ್ನ ಆರಿಸೀನಿ."

"ತೂಗಿ ನೋಡಿ ತಗೊಂಡ್ಯಾ? ಇದೇನು ಕುಂಬಳಕಾಯೇನೋ?"

"ನಮ್ಮೂರಾಗ ಕುಡಗೋಲು ಕುರ್ಪಿ ಎಲ್ಲಾ ತೂಕದ ಮ್ಯಾಲ ತಗೋತಾರ್ರಿ. ಜಡ ಇದ್ದದ್ದು ತಾಳತೈತಿ ಅಂತ ನಮ್ಮಪ್ಪ ಹೇಳತಿದ್ದ."

ಅವನಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ. ಊರಿನ ಕಮ್ಮಾರ ಕಣ್ಣೆದುರೇ ಕಬ್ಬಿಣ ಕಾಸಿ, ಬಡಿದು, ಹದ ಮಾಡಿ ಕೊಡುತ್ತಾನೆ. ಅಲ್ಲಿ ಹದದ ಬಗ್ಗೆ ಅನುಮಾನವಿಲ್ಲ, ಉಳಿಯುವುದು ತೂಕ ಒಂದೇ. ಇಲ್ಲಿ ಹಾಗಲ್ಲ. ಅಚ್ಚಿನಲ್ಲಿ ಕಳಪೆ ಲೋಹ ಎರಕ ಹೊಯ್ದು, ಮೇಲೆ ಹೊಳಪು ಕೊಟ್ಟು ಮಾರಿದರೂ ಅದು ಜಡವಾಗಿಯೇ ಇರುತ್ತದೆ. ಕಲ್ಲೂ ಜಡವೇ.

ನಾನು ಪ್ಲೇಯರನ್ನು ಮುಚ್ಚಿ ಬಾಗಿಲ ಬೆಳಕಿಗೆ ಹಿಡಿದೆ. ವೈರ್ ಕತ್ತರಿಸುವ ಎರಡು ಅಂಚುಗಳ ನಡುವೆ ಬಿಸಿಲು ತೂರಿ ಬಂತು.

"ನೋಡಪ್ಪಾ ಸಂಗಣ್ಣ. ಬಾಯಿ ಮುಚ್ಚಿದಾಗ ಇಲ್ಲಿ ಬೆಳಕು ಕಾಣಬಾರದು. ತುದೀನೂ ಸರಿಯಾಗಿ ಕೂಡಬೇಕು. ಇದು ಮುಚ್ಕೊಂಡಿದ್ರೂ ಹಲ್ಲು ಕಿರೀತಾ ಇದೆ."

"ಸಣ್ಣ ಸಂದಿರಿ ಅಕ್ಕಾರ. ಅಷ್ಟಕ್ಕ ಏನ್ ಆಗತೈತಿ?"

ನನ್ನ ಪರ್ಸಿನಲ್ಲಿ ಒಂದು ಬಿಎಂಟಿಸಿ ಟಿಕೆಟ್ ಇತ್ತು. ಅದನ್ನು ಆ ಅಂಚಿನಲ್ಲಿ ಇಟ್ಟು ಅದುಮಿದೆ. ಒಳ್ಳೆಯ ಪ್ಲೇಯರ್ ಆಗಿದ್ದರೆ ಬಸ್ ಟಿಕೆಟ್ಟನ್ನು ಕತ್ತರಿಯ ಹಾಗೆ ಕತ್ತರಿಸಬೇಕು. ಇದು ಟಿಕೆಟ್ಟನ್ನು ಮಡಚಿ, ಜಗಿದು ಬಿಟ್ಟಿತು. ಹಿಡಿಗಳನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದೆ. ನಡುವಿನ ಕೀಲು ಲಟಲಟ ಎಂದಿತು. ಕೀಲು ಸಲೀಸಾಗಿ ತೆರೆಯಬೇಕು, ಮುಚ್ಚಬೇಕು, ಆದರೆ ಅಡ್ಡಕ್ಕೆ ಅಲ್ಲಾಡಬಾರದು.

"ಟಿಕೆಟ್ ಕತ್ತರಿಸಾಕ ಕಂಡಕ್ಟರ್ ಅದಾನ್ರಿ," ಎಂದು ಸಂಗಣ್ಣ ನಕ್ಕ. "ನಾವು ವೈರ್ ಕತ್ತರಿಸೋರು. ಇಕ್ಕಳ ಅಂದ್ರ ಇಕ್ಕಳ. ಅದ್ರಾಗ ಮೇಲು ಕೀಳು ಎಲ್ಲಿಂದ ಬಂತು? ಇಲ್ಲಿ ನೋಡ್ರಿ, ಸಾವಿರ ವೋಲ್ಟ್ ಅಂತ ಕವರ್ ಮ್ಯಾಲ ಬರದೈತಿ. ನಮ್ಮ ಮನಿಗೆ ಬರೋದು ಇನ್ನೂರಾ ಮೂವತ್ತು."

"ಬರೆದಿದ್ದೆಲ್ಲಾ ನಿಜ ಆಗಿದ್ರೆ ಆಟೋ ಹಿಂದೆ ಬರೆದಿರೋದೂ ನಿಜ ಆಗ್ಬೇಕಿತ್ತು."

ಅವನಿಗೆ ಸಿಟ್ಟು ಬಂತು. ಅಕ್ಕಾರ ಎನ್ನುವ ಮರ್ಯಾದೆಗೆ ನನಗೇನೂ ಅನ್ನಲಿಲ್ಲ. ಟೆಸ್ಟರ್ ಹುಡುಕುವ ನೆಪ ಮಾಡಿ ಹೊರಗೆ ಹೋದ.

ಅವನು ಅತ್ತ ಹೋದದ್ದೇ ತಡ, ನೀಲಾಂಬಿಕಾ ಹಿಟ್ಟಿನ ಕೈಯಲ್ಲೇ ನನ್ನ ಹತ್ತಿರ ಬಂದಳು. "ಅಕ್ಕಾರ, ಒಂದು ಮಾತು ಕೇಳತೀನಿ, ಖರೇ ಹೇಳ್ರಿ. ಅವರ ಬಲಗೈ ಅಂಗೈ ನೋಡೀರೇನು?"

"ಇಲ್ಲಮ್ಮ, ಯಾಕೆ?"

"ಹದಿನೈದು ದಿನ ಆತು, ಸುಟ್ಟೈತಿ. ಕೇಳಿದ್ರ ನಿನ್ನ ಹಂಚು ತಾಕಿ ಸುಡ್ತು ಅಂದ್ರು. ಹಂಚು ಸುಟ್ಟದ್ದು ನನಗ ಗೊತ್ತಾಗಂಗಿಲ್ಲೇನ್ರಿ? ಹತ್ತು ವರ್ಷದಿಂದ ಹಂಚಿನ ಮುಂದ ಕುಂತೀನಿ." ತನ್ನ ಮುಂಗೈ ಚಾಚಿ ಹಳೆಯ ಕಲೆಗಳನ್ನು ತೋರಿಸಿದಳು. "ಹಂಚು ಸುಟ್ರ ಇಷ್ಟಗಲ ಸುಡತೈತಿ, ಬೊಕ್ಕಿ ಏಳತೈತಿ. ಅವರಿಗೆ ಆಗಿದ್ದು ಚುಕ್ಕಿಯಷ್ಟು. ನಡುವ ಬೆಳ್ಳಗ, ಆಳಕ್ಕ ಇಳದೈತಿ. ಅದು ಕರೆಂಟ್ ಅಲ್ಲೇನ್ರಿ?"

ಅವಳಿಗೆ ಉತ್ತರ ಗೊತ್ತಿತ್ತು.

"ನನಗ ಅಂಜಿಕಿ ಆಗತೈತ್ರಿ," ಎಂದಳು. "ಅವರು ಒಳಗ ಬರೋತನಾ ನನಗ ಜೀವದಾಗ ಜೀವ ಇರಂಗಿಲ್ಲ. ಹೇಳಿದ್ರ ನಗತಾರ."

ಸಂಗಣ್ಣನ ಚೀಲದಲ್ಲಿ ಹಳೆಯ ಪ್ಲೇಯರ್ ಇನ್ನೂ ಇತ್ತು. ತೆಗೆದು ನೋಡಿದೆ. ಒಂದು ಹಿಡಿಯ ಕವರು ಉದ್ದಕ್ಕೆ ಸೀಳಿ, ಅದರ ಮೇಲೆ ಟೇಪು ಸುತ್ತಿತ್ತು. ಟೇಪು ಬಿಚ್ಚಿಕೊಂಡ ಕಡೆ ಕಬ್ಬಿಣ ಕಾಣುತ್ತಿತ್ತು. ಅದು ಸರಿಯಾಗಿ ಅಂಗೈಯ ನಡುವಿಗೆ ಬರುವ ಜಾಗ.

ಅಷ್ಟರಲ್ಲಿ ಸಂಗಣ್ಣ ಒಳಗೆ ಬಂದ. "ಕೊಡ್ರಿ ಇಲ್ಲಿ, ಅಮ್ಮಾರ ಕರಿಯಾಕತ್ತಾರ," ಎಂದು ಹೊಸ ಪ್ಲೇಯರಿಗೆ ಕೈ ಚಾಚಿದ.

ನೀಲಾಂಬಿಕಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಗಂಡನಿಗೆ ಕೊಡಲಿಲ್ಲ. ಅವಳ ಕೈ ಹಿಟ್ಟು ನಾದಿ ಒದ್ದೆಯಾಗಿತ್ತು. ಒಂದು ಕೈಯಲ್ಲಿ ಬಾಯಿಯ ಭಾಗ ಹಿಡಿದು, ಇನ್ನೊಂದು ಕೈಯಲ್ಲಿ ಕೆಂಪು ಕವರನ್ನು ಬಿಗಿಯಾಗಿ ಹಿಡಿದು ತಿರುಚಿದಳು, ಎಳೆದಳು. ನೆನೆಸಿದ ಅವರೆಕಾಳು ಹಿತುಕಿದಾಗ ತೊಗಲು ಹೇಗೆ ಕಳಚುತ್ತದೋ ಹಾಗೆ ಕವರು ಪೂರ್ತಿ ಕಳಚಿ ಅವಳ ಕೈಗೆ ಬಂತು. ಸಾವಿರ ವೋಲ್ಟಿನ ಬರಹವೂ ಅದರ ಜೊತೆಗೇ ಬಂತು.

"ತಗೋರಿ ನಿಮ್ಮ ಸಾವಿರ ವೋಲ್ಟ್," ಎಂದು ಕವರನ್ನು ಅವನ ಕೈಗಿಟ್ಟಳು. "ನೀವು ಸಂಪಿನ ಮುಂದ ನಿಂತಾಗ ನಿಮ್ಮ ಕೈ ಒಣಗಿರತೈತೇನು? ಬೆವರು ಇರಂಗಿಲ್ಲೇನು? ಇನ್ನ ಮ್ಯಾಲ ಆದ್ರೂ ಖರೇ ಹೇಳ್ರಿ. ಹಂಚು ಸುಟ್ಟಿದ್ದೋ, ಕರೆಂಟ್ ಸುಟ್ಟಿದ್ದೋ?"

ಸಂಗಣ್ಣ ಕವರನ್ನೇ ನೋಡುತ್ತಾ ನಿಂತ. ಆಮೇಲೆ ಹೊಸ್ತಿಲ ಮೇಲೆ ಕೂತು ಹೇಳಿದ.

ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟು. ಅಡುಗೆಮನೆಯ ಪ್ಲಗ್ ಪಾಯಿಂಟ್ ಬದಲಾಯಿಸುವ ಕೆಲಸ. ಮನೆಯವರು, "ಪವರ್ ಆಫ್ ಮಾಡ್ಬೇಡಿ ಅಣ್ಣ, ವೈಫೈ ಹೋಗುತ್ತೆ, ಮೀಟಿಂಗಲ್ಲಿದೀನಿ," ಎಂದರಂತೆ. ಇವನು ಲೈನ್ ಮೇಲೇ ಶುರು ಮಾಡಿದ. ಬೆವರಿದ ಕೈಯಲ್ಲಿ ಟೇಪು ಜಾರಿತು. ಎಚ್ಚರವಾದಾಗ ಫ್ರಿಜ್ಜಿನ ಹತ್ತಿರ ಬಿದ್ದಿದ್ದನಂತೆ.

"ಎಷ್ಟೊತ್ತು ಬಿದ್ದಿದ್ದೆ ಗೊತ್ತಿಲ್ರಿ. ಅವರು ಒಳಗ ಮೀಟಿಂಗಿನ್ಯಾಗ ಇದ್ರು. ನಾನೇ ಎದ್ದು ಕೆಲಸ ಮುಗಿಸಿ ಬಂದೆ."

ನೀಲಾಂಬಿಕಾ ಮುಖಕ್ಕೆ ಸೆರಗು ಒತ್ತಿಕೊಂಡು ಜೋರಾಗಿ ಅತ್ತಳು. ನಾನೂ ಒಂದು ವಿಷಯ ಹೇಳಿದೆ, ಅದನ್ನು ಇಲ್ಲೂ ಹೇಳಿಬಿಡುತ್ತೇನೆ.

ನಾನು ಸ್ಟೋರಿಗೆ ಸೇರಿದ ಹೊಸದರಲ್ಲಿ ಇಕ್ಕಳಗಳನ್ನು ಎಣಿಸುತ್ತಿದ್ದೆನೇ ಹೊರತು ನೋಡುತ್ತಿರಲಿಲ್ಲ. ಬೆಳಿಗ್ಗೆ ನಲವತ್ತು ಹೋಯಿತು, ಸಂಜೆ ನಲವತ್ತು ಬಂತು, ಸರಿ, ಸಹಿ. ಒಂದು ದಿನ ಚಿಕ್ಕಬೈರಪ್ಪ ಎಂಬ ಕೆಲಸಗಾರರಿಗೆ ಹಲ್ಲು ಸವೆದ ಪ್ಲೇಯರ್ ಕೊಟ್ಟೆ. ಹಿಡಿದ ತಂತಿ ಅದರ ಬಾಯಿಂದ ಜಾರಿತು, ಅವರ ಎಡಗೈ ಓಡುತ್ತಿದ್ದ ಯಂತ್ರದ ಬೆಲ್ಟಿಗೆ ಹೋಯಿತು. ತೋರುಬೆರಳಿನ ತುದಿ ಇವತ್ತಿಗೂ ಇಲ್ಲ. ಅವತ್ತು ಸಂಜೆಯ ಲೆಕ್ಕದಲ್ಲೂ ನಲವತ್ತು ಸರಿಯಾಗಿ ಇತ್ತು. ಅಲ್ಲಿಂದ ಮುಂದೆ ಒಂದೊಂದನ್ನೂ ಬೆಳಕಿಗೆ ಹಿಡಿಯದೆ, ತಿರುಚಿ ನೋಡದೆ ಕಿಟಕಿ ದಾಟಿಸಲಿಲ್ಲ. ಕ್ಯೂ ನಿಂತವರು ಬೈದರು. ಬೈಸಿಕೊಂಡೆ.

"ಏಳು," ಎಂದೆ ಸಂಗಣ್ಣನಿಗೆ. "ಮುನೀಂದ್ರನ ಹಾರ್ಡ್‌ವೇರ್ ಅಂಗಡಿ ಭಾನುವಾರ ಮಧ್ಯಾಹ್ನದ ತನಕ ತೆಗೆದಿರುತ್ತೆ. ಪಿಳ್ಳಮ್ಮನ ಮೀನು ಎಲ್ಲೂ ಓಡಿಹೋಗಲ್ಲ, ಅದು ಸತ್ತೇ ಇದೆ."

ಮುನೀಂದ್ರ ಈ ಊರಿನ ಹಳೇ ಮನೆತನದವನು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಾರ್ಖಾನೆ ಶೆಡ್ಡುಗಳಿವೆ. ಆ ಶೆಡ್ಡಿನವರಿಗೇ ಇವನು ನಟ್ಟು ಬೋಲ್ಟು ಮಾರುತ್ತಾನೆ. ನನ್ನನ್ನು ನೋಡಿದ ಕೂಡಲೇ ತಲೆ ಕೆರೆದುಕೊಂಡ. "ಬನ್ನಿ ಅಕ್ಕ. ನಿಮಗೆ ಒಂದು ಇಕ್ಕಳ ಮಾರೋದೂ ಒಂದೇ, ಹೆಣ್ಣು ತೋರ್ಸೋದೂ ಒಂದೇ."

ಸಂಗಣ್ಣ ಅಭ್ಯಾಸಬಲದಿಂದ ಎರಡು ಪ್ಲೇಯರ್ ತೆಗೆದು ಕೈಯಲ್ಲಿ ತೂಗಿದ. ನಾನು ಕೆಮ್ಮಿದೆ. ಅವನು ನಾಲಿಗೆ ಕಚ್ಚಿಕೊಂಡು ಒಂದನ್ನು ಬಾಗಿಲ ಬೆಳಕಿಗೆ ಹಿಡಿದ. ಅದರಲ್ಲೂ ಸಂದಿ ಕಂಡಿತು.

"ಇದರಾಗ ಬೆಳಕು ಬರಾಕತ್ತೈತ್ರಿ, ಬ್ಯಾರೆ ಕೊಡ್ರಿ," ಎಂದ.

ಮುನೀಂದ್ರ ಇಸಿದುಕೊಂಡು ನೋಡಿ, ಅದನ್ನು ಬೇರೆ ಡಬ್ಬಕ್ಕೆ ಹಾಕಿದ. ಆಮೇಲೆ ಒಳಗಿನಿಂದ ಎರಡು ಬಗೆ ತಂದ. "ಇದು ಮುನ್ನೂರೈವತ್ತು. ಉಕ್ಕು ಚೆನ್ನಾಗಿದೆ, ಬಾಳಿಕೆ ಬರುತ್ತೆ. ಆದ್ರೆ ಇದರ ಕವರ್ ಇರೋದು ಕೈಗೆ ಹಿತವಾಗಿರ್ಲಿ ಅಂತ ಅಷ್ಟೇ ಗುರು, ಶಾಕ್ ತಡಿಯೋಕಲ್ಲ. ಫಿಟ್ಟರ್‌ಗಳು ತಗೊಂಡು ಹೋಗ್ತಾರೆ. ನಿನಗೆ ಬೇಕಾಗಿರೋದು ಈ ಎರಡನೇದು, ಏಳುನೂರು."

ಎರಡನೆಯದರ ಹಿಡಿಯ ಕವರು ದಪ್ಪಗಿತ್ತು. ಬೆರಳು ಮುಂದಕ್ಕೆ ಜಾರಿ ಕಬ್ಬಿಣ ಮುಟ್ಟದ ಹಾಗೆ ಬಾಯಿಯ ಬುಡದಲ್ಲಿ ಕವರಿನದೇ ಒಂದು ಏಣು ಎದ್ದಿತ್ತು. ಹಿಡಿಯ ಮೇಲೆ ಶಾಕ್ ತಡೆಯುವ ಉಪಕರಣಕ್ಕೆ ಹಾಕುವ, ಒಂದರೊಳಗೊಂದು ಸೇರಿದ ಎರಡು ತ್ರಿಕೋನದ ಗುರುತು, ಪಕ್ಕದಲ್ಲಿ ಸಾವಿರ ವೋಲ್ಟ್ ಎಂದಿತ್ತು.

"ಮತ್ತ ಅದೇ ಬರದೈತಲ್ರಿ," ಎಂದ ಸಂಗಣ್ಣ. ಈ ಸಲ ಅವನು ಕೇಳಿದ್ದು ಸರಿಯಾಗಿತ್ತು.

"ಬರೆಯೋದು ಯಾವನು ಬೇಕಾದ್ರೂ ಬರೀಬಹುದು ಗುರು," ಎಂದ ಮುನೀಂದ್ರ. "ಅದಕ್ಕೇ ತಯಾರಿಸಿದವರ ಹೆಸರು ನೋಡು, ಬಿಲ್ ಕೇಳು. ಫುಟ್‌ಪಾತ್‌ನವನು ನಾಳೆ ಎಲ್ಲಿರ್ತಾನೋ. ನಾನು ಇಲ್ಲೇ ಇರ್ತೀನಿ, ಬಂದು ಬೈಬಹುದು."

ಸಂಗಣ್ಣ ಒಂದೂ ಬಿಡಲಿಲ್ಲ. ಬೆಳಕಿಗೆ ಹಿಡಿದ, ಸಂದಿಯಿಲ್ಲ. ಕೀಲು ಅಲ್ಲಾಡಿಸಿದ, ಅಲ್ಲಾಡಲಿಲ್ಲ. ನನ್ನ ಹತ್ತಿರ ಅದೇ ಜಗಿದ ಟಿಕೆಟ್ ಇಸಿದುಕೊಂಡು ಕತ್ತರಿಸಿದ, ಸರಕ್ಕನೆ ಎರಡಾಯಿತು. ಮುನೀಂದ್ರನಿಂದ ಒಂದು ತುಂಡು ಕಬ್ಬಿಣದ ತಂತಿ ಕೇಳಿ ಕತ್ತರಿಸಿ, ಅಂಚಿನ ಮೇಲೆ ಉಗುರು ಆಡಿಸಿದ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಹದ ಚೆನ್ನಾಗಿಲ್ಲದಿದ್ದರೆ ಅಲ್ಲಿ ಗುಳಿ ಬೀಳುತ್ತದೆ. ಕೊನೆಗೆ ಅಂಗಡಿಯ ಕುಡಿಯುವ ನೀರಿನಲ್ಲಿ ಕೈ ಒದ್ದೆ ಮಾಡಿಕೊಂಡು ಹಿಡಿಯ ಕವರನ್ನು ತಿರುಚಿದ. ಅದು ಕೂದಲಷ್ಟೂ ಕದಲಲಿಲ್ಲ.

"ಹೋದ ವರ್ಷ ನೂರಿಪ್ಪತ್ತರದು ಮೂರು ತಗೊಂಡೀನ್ರಿ ಅಕ್ಕಾರ," ಎಂದು ತನ್ನಷ್ಟಕ್ಕೇ ಎಂಬಂತೆ ಹೇಳಿದ. "ಎರಡು ವರ್ಷಕ್ಕ ಇದೇ ಅಗ್ಗ ಆತು."

ಮೋಟರಿಗೆ ಒಂದು ಹೊಸ ಸ್ವಿಚ್‌ಬೋರ್ಡನ್ನೂ ಕೊಂಡು, ಬಿಲ್ ಇಸಿದುಕೊಂಡು ಬಂದೆವು. ಪ್ಲೇಯರ್ ಎಷ್ಟೇ ಒಳ್ಳೆಯದಿರಲಿ, ಒದ್ದೆ ನೆಲದಲ್ಲಿ ನಿಂತು ಲೈನ್ ಮೇಲೆ ಕೆಲಸ ಮಾಡಕೂಡದು ಎಂದು ದಾರಿಯುದ್ದಕ್ಕೂ ಹೇಳಿದೆ. ಮೊದಲು ಮೇನ್ ಆಫ್, ಆಮೇಲೆ ಟೆಸ್ಟರ್ ಹಚ್ಚಿ ನೋಡುವುದು, ಆಮೇಲೆ ಕೈ. ಒಳ್ಳೆಯ ಪ್ಲೇಯರ್ ಇರುವುದು ಅಪ್ಪಿತಪ್ಪಿ ಆದ ತಪ್ಪಿನಿಂದ ಉಳಿಸಲು, ಬೇಕೆಂದೇ ತಪ್ಪು ಮಾಡಲು ಅಲ್ಲ.

ಪಿಳ್ಳಮ್ಮನವರು ಮೊದಲು ಕೂಗಾಡಿದರು. "ಅರ್ಧ ಗಂಟೆ ಆಫ್ ಮಾಡ್ತಾನಂತೆ! ನನ್ ಮೀನಿನ್ ಗತಿ ಏನಾಗ್ಬೇಕು?"

ನೀಲಾಂಬಿಕಾ ಗಂಡನ ಬಲಗೈ ಹಿಡಿದು ಅವರ ಮುಂದೆ ಚಾಚಿ, ಅಂಗೈ ಬಿಡಿಸಿ ತೋರಿಸಿದಳು.

ಪಿಳ್ಳಮ್ಮನವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಮುಖ ಇಳಿಯಿತು. "ಅಯ್ಯೋ ಸಿವನೇ! ಆಳಾಗೋಗ್ಲಿ ಮೀನು," ಎಂದವರೇ ಸ್ವತಃ ಮೇನ್ ಇಳಿಸಿದರು. ಅದರ ಕೆಳಗೇ ಒಂದು ಸ್ಟೂಲ್ ಹಾಕಿಕೊಂಡು, ಕೈಯಲ್ಲಿ ಪೊರಕೆ ಹಿಡಿದು ಕೂತರು. "ಯಾವನಾದ್ರೂ ಆನ್ ಮಾಡಕ್ಕೆ ಬರ್ಲಿ, ನೋಡ್ಕತೀನಿ."

ಸಂಗಣ್ಣ ಟೆಸ್ಟರ್ ಹಚ್ಚಿ ನೋಡಿದ, ದೀಪ ಹತ್ತಲಿಲ್ಲ. ಬೋರ್ಡು ಬಿಚ್ಚಿದ. ಒಳಗೆ ವೈರಿನ ತುದಿ ಕತ್ತರಿಸಿದ ಹಾಗಿರಲಿಲ್ಲ, ಜಗಿದ ಹಾಗಿತ್ತು. ಅರ್ಧ ಎಳೆಗಳು ಮುರಿದಿದ್ದವು. ಉಳಿದ ನಾಲ್ಕು ಎಳೆಗಳ ಮೇಲೆ ಮೋಟರಿನ ಭಾರವೆಲ್ಲ ಬಿದ್ದು, ಕಾದು, ಬೋರ್ಡು ಸುಟ್ಟಿತ್ತು.

"ಯಾವ ಕೈಲಾಗದೋನು ಮಾಡಿದ್ದು ಈ ಕೆಲಸ?" ಎಂದು ಪಿಳ್ಳಮ್ಮನವರು ಕೂತಲ್ಲಿಂದಲೇ ಕೇಳಿದರು.

"ನಾನೇ ರಿ ಅಮ್ಮಾರ," ಎಂದ ಸಂಗಣ್ಣ. "ಆರು ತಿಂಗಳದ ಹಿಂದ. ಅದೇ ಹಳೇ ಪ್ಲೇಯರಿನ್ಯಾಗ."

ವೈರನ್ನು ಒಳ್ಳೆಯ ಜಾಗದ ತನಕ ಹಿಂದಕ್ಕೆ ಕತ್ತರಿಸಿದ. ಈ ಸಲ ತುದಿ ನೆಟ್ಟಗೆ ಬಂತು, ಒಂದು ಎಳೆಯೂ ಚದುರಲಿಲ್ಲ. ಹೊಸ ಬೋರ್ಡು ಕೂರಿಸಲು ಇಪ್ಪತ್ತೈದು ನಿಮಿಷ ಹಿಡಿಯಿತು. ಪಿಳ್ಳಮ್ಮನವರು ಮೇನ್ ಏರಿಸಿದರು, ಮೋಟರು ಗುಂಯ್ ಎಂದಿತು, ಟ್ಯಾಂಕಿನಲ್ಲಿ ನೀರು ಬಿದ್ದ ಸದ್ದು ಕೇಳಿಸಿತು. ಮೀನಿಗೂ ಏನೂ ಆಗಿರಲಿಲ್ಲ.

ತೊಗಲು ಕಳಚಿದ ಪ್ಲೇಯರನ್ನು ಎಸೆಯಲು ಪಿಳ್ಳಮ್ಮನವರು ಬಿಡಲಿಲ್ಲ. "ಕೊಡಿಲ್ಲಿ, ಆಲಿನ್ ಪಾತ್ರೆ ಇಳ್ಸಕಾಯ್ತದೆ. ಇಕ್ಕಳ ಇಕ್ಕಳನೇ," ಎಂದು ಸೆರಗಿನಲ್ಲಿ ಹಿಡಿದು ಒಳಗೆ ತೆಗೆದುಕೊಂಡು ಹೋದರು. ಒಲೆಯ ಮುಂದೆ ಆ ಮಾತು ನಿಜ.

ಮಾರನೆಯ ದಿನ ಬೆಳಿಗ್ಗೆ ಸಂಗಣ್ಣ ಫೋನಿನಲ್ಲಿ ಮಾತಾಡುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು. "ಹತ್ತು ನಿಮಿಷ ಮೇನ್ ಆಫ್ ಮಾಡಬೇಕಾಗತೈತ್ರಿ ಮೇಡಂ. ಇಲ್ಲಾಂದ್ರ ನಾನು ಬರಂಗಿಲ್ರಿ. ನಿಮ್ಮ ಮೀಟಿಂಗ್ ಮುಗಿದ ಮ್ಯಾಲ ಹೇಳ್ರಿ, ಬರತೀನಿ." ಅದರ ಹಿಂದೆಯೇ ನೀಲಾಂಬಿಕಾಳ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ಇದನ್ನು ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಪ್ಲೇಯರ್ ಕೊಳ್ಳುವಾಗ ತೂಕ ನೋಡಬೇಡಿ, ಹೊಳಪು ನೋಡಬೇಡಿ. ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಬಸ್ ಟಿಕೆಟ್ ಕತ್ತರಿಸಿ. ಕೀಲು ಅಲ್ಲಾಡಿಸಿ. ಬಿಲ್ ಕೇಳಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ, ಕೈ ನಿಮ್ಮದು. ನೀವು ವೈರಿಂಗ್ ಕೆಲಸದವರಲ್ಲದಿದ್ದರೂ ಈ ಮಾತು ನಿಮಗೂ ಸೇರಿದ್ದು. ನಿಮ್ಮ ಮನೆಗೆ ಕೆಲಸಕ್ಕೆ ಬಂದವರಿಗೆ ಕರೆಂಟು ತೆಗೆಯಬೇಡಿ ಎನ್ನಬೇಡಿ. ನೀವೇ ಎದ್ದು ಮೇನ್ ಇಳಿಸಿ.

ಈಗ ಈ ಹಾಳೆಯನ್ನು ಪಕ್ಕಕ್ಕಿಟ್ಟು, ಮನೆಯಲ್ಲಿರುವ ಪ್ಲೇಯರ್ ತೆಗೆಯಿರಿ. ಒದ್ದೆ ಕೈಯಲ್ಲಿ ಅದರ ಹಿಡಿಯನ್ನು ಒಮ್ಮೆ ತಿರುಚಿ ನೋಡಿ. ತೊಗಲು ಕಳಚಿತೋ, ಅದನ್ನು ಇವತ್ತೇ ಒಲೆಯ ಹತ್ತಿರ ಇಡಿ. ಕೆಲಸದ ಚೀಲಕ್ಕೆ ಮತ್ತೆ ಹಾಕಬೇಡಿ.